ಹೆಣ್ಣಿಲಿಯ ಮನಸ್ಸು ಓದಿದ ನಸೀಮಾ

ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಹಬ್ಬದ ದಿನವೂ ಅತ್ತರು ಹಚ್ಚದವಳು ನಸೀಮಾ ಒಬ್ಬಳೇ. ಕೇಳಿದರೆ, "ನಾಳಿ ಹೋಗಿ ಇಲಿ ಮುಟ್ಟಬೇಕಕ್ಕ. ವಾಸನಿ ಬದಲಾದ್ರ ಬೆದರ್ತಾವ" ಎನ್ನುತ್ತಿದ್ದಳು.

ಎದುರು ಮನೆಯ ಬೈಕ್ ಮೆಕ್ಯಾನಿಕರ ಮಗಳು. ದೂರದ ಊರಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ರಜೆಗೆ ಬಂದರೆ ನಮ್ಮ ಕಟ್ಟೆಯ ಮೇಲೆಯೇ ಇರುತ್ತಿದ್ದಳು. "ಏನವ್ವಾ ನಿನ್ನ ಓದು?" ಎಂದು ನಮ್ಮ ಅತ್ತೆ ಒಮ್ಮೆ ಕೇಳಿದರು. ಬೇರೆ ಹುಡುಗಿಯಾಗಿದ್ದರೆ ಮಾತು ಹಾರಿಸುತ್ತಿದ್ದಳು. ಇವಳು ನೇರ, "ಹೆಣ್ಣಿಲಿ ಗಂಡನ್ನ ಯಾವಾಗ ಹತ್ರ ಬಿಟ್ಕೊಂತೈತಿ, ಯಾವಾಗ ಒಲ್ಲೆ ಅಂತೈತಿ, ಅದನ್ನ ನೋಡ್ತೀನಜ್ಜಿ" ಎಂದಳು.

"ಥೂ! ಮನಿಯಾಗ ಇಲಿ ಕಾಟ ತಡಿಯಾಕಾಗವಲ್ದು, ನೀ ಅವಕ್ಕ ಸಂಸಾರ ಮಾಡಸಾಕ ಹತ್ತೀಯೇನು?"

"ಜುಲುಮಿ ಮಾಡಂಗಿಲ್ಲಜ್ಜಿ. ಪೆಟಿಗ್ಯಾಗ ಅಡ್ಡ ಗ್ವಾಡಿ ಇಟ್ಟು ಸಣ್ಣ ಕಿಂಡಿ ಬಿಟ್ಟಿರ್ತೀವಿ. ಹೆಣ್ಣು ತೂರ್ತೈತಿ, ದಪ್ಪನ್ನ ಗಂಡು ತೂರಂಗಿಲ್ಲ. ಬ್ಯಾಡಾದ್ರ ಆಚಿಗೆ ಹೋಗಿ ಕುಂದರ್ತೈತಿ."

ಅತ್ತೆ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. "ಪುಣ್ಯ ಮಾಡ್ಯಾವ ಬಿಡು ನಿನ್ನ ಇಲಿ" ಎಂದರು.

ನನಗೆ ಅದು ಬರೀ ನಗೆಮಾತಾಗಿ ಉಳಿಯಲಿಲ್ಲ. ಎರಡನೆಯ ಹೆರಿಗೆಯ ನಂತರ ಮನಸ್ಸು ಕುಸಿದು, ಡಾಕ್ಟರು ಗುಳಿಗೆ ಕೊಟ್ಟಿದ್ದರು. ಕೊಟ್ಟೂರೇಶನ ದಯೆ, ಅಳು ನಿಂತಿತು. ಮಗುವಿನ ಮುಖ ನೋಡಿ ನಗುವಂತಾದೆ. ಆದರೆ ಯಜಮಾನರ ಕೈ ಮೈಗೆ ತಾಗಿದರೆ ಕಟ್ಟಿಗೆಯಂತಾಗುತ್ತಿದ್ದೆ. ಅವರು ಮಾತು ಕಡಿಮೆ ಮಾಡಿದರು. ಗುಳಿಗೆ ಶುರುವಾದ ಮೇಲೆಯೇ ಹೀಗಾದದ್ದು, ಅದನ್ನು ಬಿಟ್ಟೇ ಬಿಡುವುದೆಂದುಕೊಂಡೆ. ನಸೀಮಾ ರಜೆ ಮುಗಿಸಿ ಹೊರಟ ದಿನ ಬಸ್ ನಿಲ್ದಾಣದಲ್ಲಿ ಅವಳೊಬ್ಬಳಿಗೆ ಹೇಳಿದೆ.

"ಏ ಅಕ್ಕ, ನೀನಾಗೇ ಬಿಡಬ್ಯಾಡ!" ಎಂದು ಕೈ ಹಿಡಿದಳು. "ಆ ಗುಳಿಗಿ ತಲಿಯೊಳಗ ಸೆರೋಟೋನಿನ್ ಅನ್ನೋ ರಸ ಹೆಚ್ಚು ಮಾಡ್ತೈತಿ. ಅದು ಹೊಗಾಕ ಬಾಗಿಲು ಬಾಳ ಅದಾವ. ನನ್ನ ಹೆಣ್ಣಿಲಿಯೊಳಗ ಒಂದು ಬಾಗಿಲದಾಗ ಹೊಕ್ರ ಗಂಡು ಬ್ಯಾಡ ಅನ್ನಸ್ತೈತಿ, ಇನ್ನೊಂದರಾಗ ಹೊಕ್ರ ಬೇಕನ್ನಸ್ತೈತಿ. ನೀ ಇಲಿ ಅಲ್ಲ, ನಿನ್ನ ಮೈ ಹೆಂಗೈತೋ ನಾ ಹೇಳಲಾರೆ. ಆದ್ರ ಇದು ನಿನ್ನ ತಪ್ಪಲ್ಲ. ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಬ್ಯಾರೆ ಗುಳಿಗಿ ಅದಾವ."

"ನಾಚಿಕಿ ಆಗ್ತೈತಲೇ."

"ನಾ ನಿಮ್ಮತ್ತಿ ಮುಂದ ಹೇಳ್ಲಿಲ್ಲೇನು?"

ಅವಳನ್ನು ನೋಡಿದ್ದು ಅದೇ ಕೊನೆ. ಆಮೇಲೆ ಅವರಪ್ಪನೂ ಗ್ಯಾರೇಜು ಮುಚ್ಚಿ, ಮನೆಮಂದಿಯೊಡನೆ ಮಗಳ ಊರಿಗೇ ಹೋದರು.

ಅವಳು ಬಸ್ ಹತ್ತಿದ ಮರು ಸೋಮವಾರವೇ, ವಾರದ ಉಪವಾಸದಲ್ಲೇ ಹೋಗಿ ಡಾಕ್ಟರ ಮುಂದೆ ಕುಳಿತೆ. ಯಜಮಾನರು ಪಕ್ಕದಲ್ಲಿದ್ದರು. ಒಂದನ್ನೂ ಬಿಡದೆ ಹೇಳಿದೆ. ಯಜಮಾನರು ನೆಲ ನೋಡಿದರು, ಕಿವಿ ಕೆಂಪಾಯಿತು. ಆದರೆ ಎದ್ದು ಹೋಗಲಿಲ್ಲ.