ಗಿಣ್ಣು, ಮೊಟ್ಟೆ ಮತ್ತು ಆಡಿನ ಆಂಟಿಬಾಡಿ

ಕಾರ್ತಿಕದ ಭಾನುವಾರ, ಬೆಳಗ್ಗೆ ಏಳು ಗಂಟೆ. ಅರಸೀಕೆರೆ ಸ್ಟೇಷನ್ನಿನ ಹಿಂದಿನ ಓಣಿಯ ಚಿಕ್ಕ ಲ್ಯಾಬಿನಲ್ಲಿ ಇದ್ದವರು ಇಬ್ಬರು: ನಾನು ಮತ್ತು ನನ್ನ ತಮ್ಮನ ಮಗಳು. ಅಕ್ಕ ಮನೆಯಲ್ಲಿ ಗಿಣ್ಣು ಬೇಯಿಸುತ್ತಿದ್ದಳು.

ನಾನು ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತಳಾದವಳು. ಅಂಗಾಂಶದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ ಬಣ್ಣ ಹಾಕುವುದು ನನ್ನ ಕೆಲಸವಾಗಿತ್ತು. ಈಗಲೂ ಬೆಳಗಿನ ಹೊತ್ತು ಈ ಲ್ಯಾಬಿಗೆ ಬಂದು ಹೊಸಬರಿಗೆ ಕಲಿಸುತ್ತೇನೆ. ಭಾನುವಾರ ಬೀಗದ ಕೈ ನನ್ನಲ್ಲೇ ಇರುತ್ತದೆ. ಹುಡುಗಿಯ ಕಾಲೇಜಿನ ಲ್ಯಾಬ್ ರಿಪೇರಿಯಲ್ಲಿತ್ತು. ಹಾಗಾಗಿ ಅವಳು ಸಂಶೋಧನೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ನನ್ನ ಹತ್ತಿರ ಬಂದಿದ್ದಳು.

ಅವಳು ಹುಡುಕುತ್ತಿದ್ದದ್ದು ಹಸಿವಿನ ಬಾಗಿಲು. ಹೊಟ್ಟೆ ಖಾಲಿಯಾದಾಗ ಅದರ ಗೋಡೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ರಕ್ತದ ಜೊತೆ ತಲೆಗೇರುತ್ತದೆ. ಅದನ್ನು ಒಳಗೆ ಕರೆಯುವ ಗ್ರಾಹಕ ಕೆಲವು ಜೀವಕೋಶಗಳಿಗೆ ಮಾತ್ರ ಇರುತ್ತದೆ. ಇಲಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಆ ಕೋಶಗಳು ಯಾವುವೆಂದು ಅವಳು ತೋರಿಸಬೇಕಿತ್ತು. ಗುರುತು ಹಿಡಿಯುವುದು ಆಂಟಿಬಾಡಿಯ ಕೆಲಸ. ಗ್ರಾಹಕದ ತುಣುಕನ್ನು ಆಡಿಗೆ ಚುಚ್ಚಿದರೆ ಆಡಿನ ರಕ್ತ ಅದನ್ನು ಹಿಡಿಯುವ ಆಂಟಿಬಾಡಿಯನ್ನು ತಯಾರಿಸುತ್ತದೆ. ಅದನ್ನು ಗಾಜಿನ ಮೇಲೆ ಬಿಟ್ಟರೆ ಹೋಗಿ ಗ್ರಾಹಕಕ್ಕೆ ಅಂಟುತ್ತದೆ. ಆಮೇಲೆ, ಆಡಿನ ಆಂಟಿಬಾಡಿಯನ್ನೇ ಹುಡುಕಿ ಹಿಡಿಯುವ ಎರಡನೆಯ ಆಂಟಿಬಾಡಿ. ಅದು ಕೂತಲ್ಲಿ ಕಂದು ಬಣ್ಣ ಮೂಡುತ್ತದೆ.

ಇದನ್ನೆಲ್ಲ ಕೇಳಿ ಅಕ್ಕ ಹಿಂದಿನ ದಿನ ಒಂದೇ ಮಾತು ಹೇಳಿದ್ದಳು: "ಹೊಟ್ಟೆ ಹಸಿದೈತಾ ಇಲ್ವಾ ಅಂತ ಆಡನ್ನ ಕೇಳ್ಬೇಕೇನೇ?"

ಸೋಮವಾರದೊಳಗೆ ಸರಿಯಾದ ಚಿತ್ರ ಸಿಗದಿದ್ದರೆ ಪ್ರಬಂಧದ ಆ ಅಧ್ಯಾಯವನ್ನೇ ಕೈಬಿಡಬೇಕೆಂದು ಹುಡುಗಿಯ ಮಾರ್ಗದರ್ಶಕರು ಹೇಳಿದ್ದರು. ಹೊಸ ಆಂಟಿಬಾಡಿ ತರಿಸಲು ತಿಂಗಳುಗಳು ಬೇಕು. ಸೀಸೆಯಲ್ಲಿ ಉಳಿದದ್ದು ಇನ್ನೊಂದು ಸಲಕ್ಕೆ ಸಾಲುವಷ್ಟು ಮಾತ್ರ.

ಶನಿವಾರ ಸಂಜೆ ಮಾಡಿಟ್ಟಿದ್ದ ಗಾಜುಗಳನ್ನು ಆ ಬೆಳಗ್ಗೆ ನೋಡಿದೆವು. ಕಾಫಿ ಚೆಲ್ಲಿದ ಹಾಗೆ ಎಲ್ಲ ಕಡೆಯೂ ಕಂದು.

"ಕೆಟ್ಟುಹೋಗಿದೆ ಅತ್ತೆ. ಬಸ್ಸಲ್ಲಿ ಐಸ್ ಕರಗಿತ್ತಲ್ಲ, ಆಗಲೇ ಹೋಗಿದೆ ಇದು," ಎಂದಳು.

ಕೆಟ್ಟ ಆಂಟಿಬಾಡಿ ಸುಮ್ಮನಿರುತ್ತದೆ, ಹೀಗೆ ಕಂಡಕಂಡಲ್ಲಿ ಕೂರುವುದು ಅಪರೂಪ ಎಂದೆ. ಪ್ರತಿ ಸಲವೂ ಒಂದು ಗಾಜಿಗೆ ಮೊದಲ ಆಂಟಿಬಾಡಿ ಹಾಕದೆ, ಉಳಿದದ್ದನ್ನೆಲ್ಲ ಹಾಕಿ ಪಕ್ಕಕ್ಕಿಡುವುದು ರೂಢಿ. ಅದನ್ನೂ ನೋಡಿದೆವು. ಅದೂ ಅಷ್ಟೇ ಕಂದು. ಅಂದರೆ ತಪ್ಪು ಆಡಿನದಲ್ಲ. ಎರಡನೆಯದನ್ನು ಅವಳು ಹೋದ ವಾರವೇ ಬಳಸಿದ್ದಳು, ಅದು ಸರಿಯಾಗಿತ್ತು. ಮತ್ತೆ ಯಾವುದು? ಇಬ್ಬರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಎಂಟೂವರೆಯಾಯಿತು. ಎಂಟೂವರೆ ಎಂದರೆ ನಮ್ಮ ಮನೆಯಲ್ಲಿ ತಿಂಡಿ. ಅವಳಿಗೆ ಎದ್ದು ಬರಲು ಮನಸ್ಸಿರಲಿಲ್ಲ. ಎಬ್ಬಿಸಿಕೊಂಡು ಹೋದೆ.

ಅಕ್ಕ ದೋಸೆಗೂ ಮುಂಚೆ ಗಿಣ್ಣಿನ ತಟ್ಟೆ ಇಟ್ಟಳು. ಮಾದಿಹಳ್ಳಿಯಲ್ಲಿ ತಮ್ಮನ ಹಸು ಶುಕ್ರವಾರ ಕರು ಹಾಕಿತ್ತು. ಹುಡುಗಿ ಹಳೇಬೀಡಿನ ಬಸ್ಸಿನಲ್ಲಿ ಒಂದು ಕೈಯಲ್ಲಿ ಐಸ್ ಡಬ್ಬಿ, ಇನ್ನೊಂದು ಕೈಯಲ್ಲಿ ಗಿಣ್ಣುಹಾಲಿನ ಕ್ಯಾನು ಹಿಡಿದು ಬಂದಿದ್ದಳು. ಏಲಕ್ಕಿ ಬೆಲ್ಲ ಸರಿಯಾಗಿ ಬಿದ್ದಿತ್ತು. ಒಂದು ಚೂರು ಬಾಯಿಗಿಟ್ಟ ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು.

"ಅತ್ತೆ, ನಿನ್ನೆ ಗಾಜಿಗೆ ಹಾಕಿದ್ದು ಇದೇ ಹಾಲು."

ಆಂಟಿಬಾಡಿಗೆ ಮುಂಚೆ ಗಾಜಿನ ಮೇಲೆ ಬೇರೊಂದು ಪ್ರೋಟೀನು ಸುರಿಯುತ್ತೇವೆ. ಮದುವೆ ಪಂಕ್ತಿಯಲ್ಲಿ ಖಾಲಿ ಎಲೆಗಳಿಗೆ ಮನೆಯವರನ್ನು ಕೂರಿಸಿ, ಬೀಗರಿಗೆ ಅವರ ಎಲೆಯನ್ನಷ್ಟೇ ಬಿಟ್ಟ ಹಾಗೆ. ಆಗ ಆಂಟಿಬಾಡಿ ಸಿಕ್ಕಲ್ಲಿ ಕೂರದೆ ತನ್ನ ಜಾಗಕ್ಕೇ ಹೋಗುತ್ತದೆ. ಕೆನೆ ತೆಗೆದ ಹಾಲು ಅದಕ್ಕೆ ಆಗುವುದುಂಟು. ಹಾಲಿನ ಪುಡಿ ಮುಗಿದಿತ್ತು, ಕ್ಯಾನಿನಲ್ಲಿ ಹಾಲಿತ್ತು, ತಿರುಗುವ ಯಂತ್ರಕ್ಕಿಟ್ಟು ಕೆನೆ ತೆಗೆದು ಸುರಿದಿದ್ದಳು. ಆದರೆ ಗಿಣ್ಣುಹಾಲಿನ ತುಂಬ ಕರುವಿಗಾಗಿ ಹಸು ಕೊಡುವ ಆಂಟಿಬಾಡಿಯೇ. ಹಸು ಆಡಿಗೆ ದಾಯಾದಿ. ಆಡಿನದನ್ನು ಹುಡುಕಿ ಬಂದ ಎರಡನೆಯದು ಹಸುವಿನದನ್ನೂ ಅದೇ ಎಂದು ಅಪ್ಪಿಕೊಂಡಿತ್ತು. ಪಂಕ್ತಿಯಲ್ಲಿ ನಾವು ಕೂರಿಸಿದ್ದು ಬೀಗರ ಅಣ್ಣತಮ್ಮಂದಿರನ್ನೇ!

ಅವಳು ನಗಲು ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ಗಿಣ್ಣು ಚೆನ್ನಾಗಿಲ್ಲವೇನೋ ಎಂದುಕೊಂಡು ಅಕ್ಕ ಒಂದು ಚೂರು ಬಾಯಿಗೆ ಹಾಕಿ ನೋಡಿದಳು.

ಹಾಲು ಬೇಡ ಎಂದ ಮೇಲೆ ಬೇರೆ ಏನು? ಎರಡನೆಯ ಆಂಟಿಬಾಡಿ ಮೊಲದ್ದು, ಅದಕ್ಕೆ ಹೊಂದುವುದು ಮೊಲದ ರಕ್ತದ ಸೀರಂ; ಭಾನುವಾರ ಅರಸೀಕೆರೆಯಲ್ಲಿ ಅದನ್ನು ಎಲ್ಲಿಂದ ತರುವುದು? ಹುಡುಗಿ ದನಿ ತಗ್ಗಿಸಿ, ಮೊಟ್ಟೆಯ ಬಿಳಿ ಆಗುತ್ತದೆ ಎಂದಳು. ದನಿ ತಗ್ಗಿಸಿದರೂ ಅಕ್ಕನಿಗೆ ಕೇಳಿಸಿತು.

"ಅದು ನಮ್ಮ ಹೊಸ್ತಿಲು ದಾಟ್ಬಾರ್ದು," ಎಂದಳು.

ದಾಟುವುದಿಲ್ಲ ಎಂದು ಮಾತು ಕೊಟ್ಟು, ಹಣೆಯ ವಿಭೂತಿಯ ಸಮೇತ ಓಣಿಯ ಮೂಲೆಯ ಅಂಗಡಿಗೆ ಹೋಗಿ ಒಂದು ಮೊಟ್ಟೆ ಕೇಳಿದೆ. ನನಗೆ ವರ್ಷಗಟ್ಟಲೆ ಅಕ್ಕಿಬೇಳೆ ಕೊಟ್ಟ ಅಂಗಡಿಯಾತ ನನ್ನ ಹಣೆ ನೋಡಿ, ಆಮೇಲೆ ತಲೆ ನೋಡಿದ.

"ತಲೆಗೆ ಹಚ್ಕೊಳ್ಳಾಕಾ ಅಮ್ಮಾ? ನಿಮ್ ಕೂದ್ಲಿಗೆ ಒಂದು ಸಾಕು ಬಿಡಿ."

"ಗಾಜಿಗೆ ಹಚ್ಚೋಕೆ ಕಣಪ್ಪ."

ನಾನು ಹೇಳದೆಯೇ ಅವನು ಅದನ್ನು ಕಾಗದದಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿದ. ಯಾರಿಗೂ ಗೊತ್ತಾಗಾಕಿಲ್ಲ ಎಂದ. ಕವರನ್ನು ವಾಪಸು ಕೊಟ್ಟು ಮೊಟ್ಟೆಯನ್ನು ಅಂಗೈಯಲ್ಲೇ ಹಿಡಿದು ಲ್ಯಾಬಿಗೆ ನಡೆದೆ.

ಆಮೇಲೆ ಬರೀ ಕೆಲಸ. ಹುಡುಗಿ ಬಿಳಿಯನ್ನು ಸೋಸಿ ನೀರು ಬೆರೆಸಿದಳು. ಹಳದಿ ಮೆಟ್ಟಿಲ ಮೇಲೆ ಮಲಗುವ ನಾಯಿಗೆ ಹೋಯಿತು. ಅದರ ಗ್ರಾಹಕಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ಸೀಸೆಯ ಕೊನೆಯ ಹನಿಯನ್ನು ಅವಳು ಗಾಜಿಗಿಡುವಾಗ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕಾಯುವುದು, ತೊಳೆಯುವುದು, ಮತ್ತೆ ಕಾಯುವುದು. ಮಧ್ಯಾಹ್ನದ ಊಟದ ಹೊತ್ತು ದಾಟಿತು. ನನ್ನ ದಿನಚರಿಯಲ್ಲಿ ಅದು ದಾಟುವುದು ತೀರ ಕಡಿಮೆ.

ಮೂರು ಗಂಟೆಗೆ ಅಕ್ಕ ಕ್ಯಾರಿಯರ್ ಹಿಡಿದು ಬಂದಳು. ಮೊಟ್ಟೆ ಇರುವ ಕೋಣೆಗೆ ಬರುವುದಿಲ್ಲವೆಂದು ಬಾಗಿಲಲ್ಲೇ ನಿಂತಳು. ಅದೇ ಹೊತ್ತಿಗೆ ಹುಡುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲು ಆಂಟಿಬಾಡಿ ಇಲ್ಲದ ಗಾಜು. ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಇನ್ನೊಂದನ್ನಿಟ್ಟಳು. ನನ್ನ ಕೈ ಹಿಡಿದು ಎಳೆದು ಕೂರಿಸಿದಳು. ಗ್ರಂಥಿಯ ಮುಂಭಾಗದಲ್ಲಿ ಅಲ್ಲಲ್ಲಿ ದುಂಡು ಕೋಶಗಳು ಕಂದಾಗಿದ್ದವು. ಅವುಗಳ ನಡುವಿನವು ಬಿಳಿ. ಹಿಂಭಾಗ ಪೂರ್ತಿ ಖಾಲಿ. ಎಲ್ಲಿರಬೇಕೋ ಅಲ್ಲೇ.

"ದೊಡ್ಡತ್ತೆ, ಬಾ, ಹಸಿವು ನೋಡು," ಎಂದಳು.

ಅಕ್ಕ ಮೊಟ್ಟೆಯನ್ನು ಮರೆತು ಒಳಗೆ ಬಂದಳು. ಒಂದು ಕಣ್ಣು ಮುಚ್ಚಿ ನೋಡಿದಳು.

"ಸಾಸಿವೆ ಚೆಲ್ಲಿದಂಗೈತೆ. ಇಷ್ಟಕ್ಕೇ ಇಬ್ರೂ ಉಪವಾಸ ಕೂತಿದ್ರಾ?"

ಹುಡುಗಿ ಚಿತ್ರಗಳನ್ನು ತೆಗೆದು ಕಳಿಸಿದಳು. ಮುದ್ದೆ ಮುರಿಯುತ್ತಿದ್ದಾಗ ಮಾರ್ಗದರ್ಶಕರ ಫೋನು ಬಂತು: ಅಧ್ಯಾಯ ಇರಲಿ. ಮೂವರೂ ಮೆಟ್ಟಿಲ ಮೇಲೆ ಕೂತು ಉಂಡೆವು. ಅವಳು ಮೂರನೆಯ ಮುದ್ದೆ ಕೇಳಿದಳು. ಇರಲಿಲ್ಲ. ಉಳಿದ ಗಿಣ್ಣನ್ನು ಪೂರ್ತಿ ಅವಳೇ ತಿಂದಳು.

ಅವರಿಬ್ಬರನ್ನು ಮನೆಗೆ ಕಳಿಸಿ, ಬಣ್ಣದ ನೀರನ್ನು ಅದರ ಬಾಟಲಿಗೆ ಸುರಿದು, ಬೆಂಚು ಒರೆಸಿದೆ. ಮೊಟ್ಟೆ ಒಡೆದ ಬಟ್ಟಲು ಉಳಿದಿತ್ತು. ಸೋಪು ಹಾಕಿ ಎರಡು ಸಲ ತೊಳೆದು, ಗಾಜಿನ ಬೀರುವಿನ ಮೇಲಿನ ಖಾನೆಯಲ್ಲಿ ಬೋರಲು ಹಾಕಿ, ಬೀಗ ಹಾಕಿಕೊಂಡು ಬಂದೆ.