ಅಕ್ಕನ ಗಂಬೂಟು

ನಮ್ಮಕ್ಕನ ಕೈ ಚಿಕ್ಕದು. ಹಂದಿಯ ಹೊಟ್ಟೆಯೊಳಗೆ ಅಡ್ಡ ಸಿಕ್ಕಿಕೊಂಡ ಮರಿಯನ್ನು ನೋವಾಗದಂತೆ ತಿರುಗಿಸಿ ಎಳೆಯುವುದು ಆ ಕೈಗೆ ಮಾತ್ರ ಗೊತ್ತು. ಸುತ್ತಲಿನ ಎಂಟು ಹಂದಿದೊಡ್ಡಿಗಳಲ್ಲಿ ಹೆರಿಗೆ ಎಂದರೆ ಅವಳಿಗೇ ಕರೆ. ಹೋಗುವ ಮುಂಚೆ ಕೈಯನ್ನು ಸೋಪು ಹಚ್ಚಿ ಮೂರು ಸಲ ತೊಳೆಯುತ್ತಿದ್ದಳು. ಕಾಲಿಗೆ ಮಾತ್ರ ಅದೇ ತೇಪೆ ಹಾಕಿದ ಕಪ್ಪು ಗಂಬೂಟು. ಅದನ್ನು ತೊಳೆಯುವ ಹಾಗಿಲ್ಲ.

"ಇದನ್ನ ಹಾಕ್ಕೊಂಡು ಹೋದ ಕಡೆ ಒಂದು ಮರೀನೂ ಸತ್ತಿಲ್ಲ ಕಣೋ. ತೊಳೆದು ಅದೃಷ್ಟ ಕಳ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದೆಯಾ?" ಎನ್ನುತ್ತಿದ್ದಳು. ಅವಳ ದೊಡ್ಡಿಯಲ್ಲೇ ದುಡಿಯುವ ತಮ್ಮ ನಾನು, ಹಲ್ಲು ಕಿರಿಯುತ್ತಿದ್ದೆ. ಆಗಲೇ ಬೈದು ತೊಳೆಸಬೇಕಿತ್ತು. ಬುದ್ಧಿ ಬರುವುದು ಕೆಟ್ಟ ಮೇಲೆಯೇ.

ಅಕ್ಕ ಸೌಟಿನಿಂದ ಬಕೆಟ್ಟಿಗೆ ಮೂರು ಏಟು ಕೊಟ್ಟರೆ ನಮ್ಮ ಹಂದಿಗಳು ಒಂದರ ಮೇಲೊಂದು ಬಿದ್ದು ಓಡಿ ಬರುತ್ತಿದ್ದವು. ಅವತ್ತು ಬೆಳಿಗ್ಗೆ ಒಂದು ಪ್ರಾಯದ ಹಂದಿ ಬರಲಿಲ್ಲ. ಸದ್ದು ಕೇಳಿದ್ದೇ ತಡ, ಮೈ ಸೆಟೆದುಕೊಂಡು ಪಕ್ಕಕ್ಕೆ ಬಿತ್ತು. ನಾಲ್ಕೂ ಕಾಲು ಗಾಳಿಯಲ್ಲಿ ಬಡಿಯತೊಡಗಿದವು.

"ಕಾಲು ಜಾರಿರಬೇಕು ಬಿಡಕ್ಕ" ಎಂದೆ. ಅಕ್ಕ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಮರುದಿನ ಎರಡು ಹಂದಿಗಳು ಹಿಂಗಾಲು ಎಳೆಯುತ್ತಿದ್ದವು. ಅವಳೇ ಹೋಗಿ ಪಶುವೈದ್ಯೆಯನ್ನು ಕರೆತಂದಳು.

ಡಾಕ್ಟರಮ್ಮ ನೋಡಿ ಹೇಳಿದರು: "ಇದು ನರಕ್ಕೆ, ಮಿದುಳಿಗೆ ಬಡಿಯೋ ವೈರಸ್ಸಮ್ಮ. ಮದ್ದಿಲ್ಲ. ಹಂದಿ ಗಲೀಜಲ್ಲಿ ಹರಡುತ್ತೆ, ಬೂಟಿಗೆ ಒಂಚೂರು ಅಂಟಿದ್ರೂ ಸಾಕು. ರೋಗ ಕಾಣಿಸ್ಕೊಂಡ ದೊಡ್ಡೀಲಿ ಒಂದನ್ನೂ ಉಳಿಸೋ ಹಾಗಿಲ್ಲ. ಈ ತಿಂಗಳು ಎಲ್ಲೆಲ್ಲಿ ಹೋಗಿದ್ರಿ, ಹೇಳಿ."

ಅಕ್ಕ ತನ್ನ ಕಾಲು ನೋಡಿಕೊಂಡಳು. ಆಮೇಲೆ ಒಂದೊಂದೇ ಮನೆ ಹೇಳಿದಳು: ಬಡಗಿಯ ಮನೆ, ಅಗಸರ ಮನೆ, ಗಿರಣಿಯವರದು. ಏಳು ಮನೆ ಹೇಳಿ ನಿಲ್ಲಿಸಿದಳು. ಎಂಟನೆಯದು ಅವಳ ಮಗಳದು. ಹುಡುಗಿ ದೊಡ್ಡಿ ಶುರುಮಾಡಿ ಇನ್ನೂ ವರ್ಷವಾಗಿಲ್ಲ, ಇರುವುದೇ ಎರಡು ಹಂದಿ. ಹೋದ ಭಾನುವಾರ ಅಕ್ಕನೇ ಹೋಗಿ ಒಂದಕ್ಕೆ ಹೆರಿಗೆ ಮಾಡಿಸಿದ್ದಳು, ಒಂಬತ್ತು ಮರಿ.

"ಅಷ್ಟೇನಾ?" ಎಂದರು ಡಾಕ್ಟರಮ್ಮ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನೇ ಮುಂದೆ ಬಿದ್ದು "ಅಷ್ಟೇ, ಅಷ್ಟೇ" ಎಂದುಬಿಟ್ಟೆ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಇನ್ನೊಂದಿದೆ. ನನ್ನ ಮಗಳದು" ಎಂದಳು.

ಮಗಳ ಗೇಟಿನಾಚೆಗೇ ಅಕ್ಕ ನಿಂತಳು. ಡಾಕ್ಟರಮ್ಮ ಒಳಗೆ ಹೋಗಿ ಬಕೆಟ್ ಬಡಿಯಲು ಹೇಳಿದರು. ಹುಡುಗಿ ತಾಯಿಯಿಂದ ಕಲಿತಂತೆ ಮೂರು ಏಟು ಹೊಡೆದಳು. ಒಂದು ಹಂದಿ ಬಂತು. ಬಾಣಂತಿ ಹಂದಿ ಮುಂಗಾಲೂರಿ ಎದ್ದಿತು, ಹಿಂಗಾಲು ಏಳಲಿಲ್ಲ. ಮರಿಗಳು ಮೊಲೆ ಬಿಡದೆ ಜೋತುಬಿದ್ದಿದ್ದವು.

"ನಾನೇ ಅಲ್ವಾ ಮಾವ, ಅಮ್ಮನ್ನ ಬಾ ಅಂತ ಕರೆದದ್ದು" ಎಂದಳು ಹುಡುಗಿ ನನಗೆ. ತಾಯಿ ನಿಂತಿದ್ದ ಗೇಟಿನ ಕಡೆ ತಿರುಗಲೇ ಇಲ್ಲ.

ಮೂರು ದೊಡ್ಡಿಗಳು ಖಾಲಿಯಾದವು: ನಮ್ಮದು, ಬಡಗಿಯದು, ಮಗಳದು. ಮಿಕ್ಕ ಆರು ಉಳಿದವು, ಅಕ್ಕ ಬಾಯಿಬಿಟ್ಟಿದ್ದಕ್ಕೆ ರೋಗವನ್ನು ಬೇಗ ತಡೆಯಲಾಗಿ ಉಳಿದವು. ಅದೇ ಜನ ಬೀದಿಯಲ್ಲಿ ಅವಳನ್ನು ಕಂಡರೆ ದಾರಿ ಬದಲಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಬೂಟನ್ನು ಸುಟ್ಟು ಮನೆಯೊಳಗೆ ಕೂತಳು. ಐದು ತಿಂಗಳು ಅವಳಿಗೆ ಯಾರ ಮನೆಯಿಂದಲೂ ಕರೆ ಬರಲಿಲ್ಲ, ಮಗಳ ಮನೆಯಿಂದಲೂ.

ಒಂದು ಮಧ್ಯಾಹ್ನ ಮಗಳೇ ಬಂದಳು. ಹೊಸದಾಗಿ ತಂದ ಹಂದಿ ಬೆಳಗಿನಿಂದ ಒದ್ದಾಡುತ್ತಿದೆಯಂತೆ. ಅಕ್ಕ ಎದ್ದವಳು ಬಾಗಿಲಲ್ಲೇ ನಿಂತಳು.

"ನಂಗೆ ಬೂಟಿಲ್ಲ ಮಗಳೇ."

"ನಿನ್ನ ಅಳತೇದು ತಂದು ನಮ್ಮ ಗೇಟಲ್ಲಿ ಇಟ್ಟಿದೀನಿ. ಅದು ಅಲ್ಲಿಂದ ಆಚೆ ಬರಲ್ಲ" ಎಂದಳು ಹುಡುಗಿ. "ಬೇಗ ಬಾಮ್ಮ, ಮರಿ ಅಡ್ಡ ಸಿಕ್ಕೊಂಡಿದೆ."

ಅಕ್ಕ ಕೈ ತೊಳೆಯಲು ಹೋದಳು. ಮೂರು ಸಲವಲ್ಲ, ಎಷ್ಟು ಸಲ ತೊಳೆದಳೋ, ನಾನೇ ಹೋಗಿ ನಲ್ಲಿ ನಿಲ್ಲಿಸಬೇಕಾಯಿತು.