ಹನ್ನೆರಡನೆಯ ಶಾಲೆಯಲ್ಲಿ ಕೈಹಿಡಿದ ಶಾರದೆ

ಹನ್ನೊಂದನೆಯ ಶಾಲೆಯೂ ಬೇಡವೆಂದ ದಿನ ನನ್ನ ವೀಸಾದಲ್ಲಿ ಒಂಬತ್ತು ದಿನ ಉಳಿದಿತ್ತು. ಅಷ್ಟರೊಳಗೆ ಕೆಲಸ ಸಿಗದಿದ್ದರೆ ವಿಯೆಟ್ನಾಂ ಬಿಟ್ಟು ಕೊಪ್ಪಕ್ಕೆ ಮರಳಬೇಕಿತ್ತು.

ನಾನು ಕೊಪ್ಪದ ವಾರಪತ್ರಿಕೆಯೊಂದರಲ್ಲಿ ಐದು ವರ್ಷ ವರದಿಗಾರ್ತಿಯಾಗಿದ್ದವಳು. ಕಂಡದ್ದನ್ನು ಬರೆ, ಕಾಣದ್ದನ್ನು ಬಿಡು ಎಂಬುದು ಅಲ್ಲಿ ಕಲಿತ ಪಾಠ. ಈ ಅನುಭವವನ್ನೂ ಹಾಗೆಯೇ ಬರೆಯುತ್ತೇನೆ. ಪವಾಡ ಎಂಬ ಪದ ಬಳಸುವುದಿಲ್ಲ. ಓದಿದ ಭಕ್ತರು ತಮಗೆ ತೋಚಿದ ಹೆಸರು ಇಟ್ಟುಕೊಳ್ಳಲಿ.

ಪತ್ರಿಕೆ ನಿಂತುಹೋದ ಮೇಲೆ, ಕೈಯಲ್ಲಿದ್ದ ಇಂಗ್ಲಿಷ್ ಎಂ.ಎ. ನಂಬಿಕೊಂಡು, ವಿಯೆಟ್ನಾಮಿನ ಕಡಲ ತೀರದ ಊರೊಂದರಲ್ಲಿ ಶಿಕ್ಷಕರ ತರಬೇತಿಗೆ ಸೇರಿದೆ. ಹೊರಡುವ ಮೊದಲು ನರಸಿಂಹರಾಜಪುರದಿಂದ ಬಂದಿದ್ದ ಸೋದರಮಾವ ನಕ್ಕಿದ್ದರು. "ಅಲ್ಲ ಮಾರಾಯ್ತಿ, ಕೊಪ್ಪದವಳು ಹೋಗಿ ವಿಯೆಟ್ನಾಮಿನವರಿಗೆ ಇಂಗ್ಲಿಷ್ ಕಲಿಸುವುದಾ? ಇಂಗ್ಲಿಷಿನವರು ಎಲ್ಲಿ ಹೋದ್ರು?"

"ಅವರಿಗೆ ಪುರುಸೊತ್ತಿಲ್ಲ. ಅದಕ್ಕೇ ಇವಳನ್ನು ಕರೆದಿದ್ದಾರೆ," ಎಂದಳು ಅಮ್ಮ.

ಅಮ್ಮ ಬಾಳಗಡಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಓದುಬರಹ ಬರುತ್ತಿರಲಿಲ್ಲ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ನನಗೆ ನಾಲ್ಕು ತುಂಬಿದಾಗ ಅಕ್ಷರಾಭ್ಯಾಸಕ್ಕೆಂದು ಶೃಂಗೇರಿಗೆ ಕರೆದೊಯ್ದಿದ್ದಳು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಹೆತ್ತವರು ಬರೆಸಬೇಕು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮ ಪಕ್ಕದವರ ತಟ್ಟೆ ನೋಡಿಕೊಂಡು ನನ್ನ ಬೆರಳು ಎಳೆದಳಂತೆ. "ನಿನ್ನ ಮೊದಲ ಅಕ್ಷರ ಕಾಪಿ ಹೊಡೆದದ್ದು," ಎಂದು ಈಗಲೂ ನಗುತ್ತಾಳೆ.

ತರಬೇತಿಯಲ್ಲಿ ನನಗೆ ಒಳ್ಳೆಯ ದರ್ಜೆಯೇ ಬಂತು. ಕೆಲಸ ಬರಲಿಲ್ಲ. ಆರು ಶಾಲೆಗಳು ಉತ್ತರವನ್ನೇ ಕೊಡಲಿಲ್ಲ. ಉಳಿದ ಐದರಲ್ಲಿ ಮಾದರಿ ಪಾಠ ಮಾಡಿಸಿಕೊಂಡು ಬೇಡವೆಂದರು. ಒಬ್ಬ ಮುಖ್ಯಸ್ಥರು ಮಾತ್ರ ನೇರವಾಗಿ ಹೇಳಿದರು: "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಪೋಷಕರು ಬೇರೆ ಬಗೆಯ ಮುಖ ಕೇಳುತ್ತಾರೆ." ಮುಖ ಬದಲಿಸಲಾಗದು. ದನಿಯನ್ನು ಬದಲಿಸಿದೆ. ಅಮೆರಿಕದವರಂತೆ ಉಚ್ಚರಿಸಲು ಹೋಗಿ ನನ್ನ ಮಾತು ನನಗೇ ಅಪರಿಚಿತವಾಯಿತು. ಮಕ್ಕಳು ಮಿಕಿಮಿಕಿ ನೋಡಿದರು.

ಹನ್ನೊಂದನೆಯ ಶಾಲೆಯಿಂದ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಎಂತ ಆಯ್ತು?"

"ಆಗ್ಲಿಲ್ಲ. ವಾಪಸು ಬರ್ತೇನೆ ಅಮ್ಮ."

"ಊಟ ಮಾಡಿದ್ಯಾ? ಅಲ್ಲಿಯವರು ಎಂತ ಉಣ್ತಾರೆ?"

"ಅನ್ನ."

"ಹಾಗಿದ್ರೆ ನಮ್ಮಂಥವರೇ. ಹೆದರಬೇಡ. ನಾನು ತಿಂಗಳ ಹಿಂದೆಯೇ ಶಾರದಾಂಬೆಗೆ ಒಂದು ಹರಕೆ ಹೇಳ್ಕೊಂಡಿದ್ದೇನೆ."

"ಎಂತ ಹರಕೆ?"

"ಬಾಯಿಬಿಟ್ಟು ಹೇಳಬಾರದು. ತೀರಿಸುವಾಗ ಗೊತ್ತಾಗ್ತದೆ."

ಆ ದಿನ ನಾನೂ ಕೈಮುಗಿದೆ. ಕೆಲಸ ಕೊಡು ಎಂದು ಕೇಳಲು ನಾಚಿಕೆಯಾಯಿತು. ನೀನು ಕಲಿಸಿದ್ದು ಯಾರಿಗಾದರೂ ಉಪಯೋಗಕ್ಕೆ ಬರಲಿ, ಅಷ್ಟು ಮಾಡು ತಾಯಿ ಎಂದು ಬೇಡಿದೆ.

ಮೂರನೆಯ ದಿನ, ಶುಕ್ರವಾರ, ಹನ್ನೆರಡನೆಯ ಶಾಲೆ ಕರೆಯಿತು. ಎರಡು ಬಸ್ಸು ಬದಲಿಸಿ ಹೋದೆ. ನಾಲ್ಕೈದು ವರ್ಷದ ಮಕ್ಕಳ ಪುಟ್ಟ ಶಾಲೆ. ಮುಖ್ಯಸ್ಥೆ ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಬೋರ್ಡಿನ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ಒಂದು ಹೆಣ್ಣುಮಗು ಮಾತ್ರ ಪೆನ್ಸಿಲ್ ನೆಲಕ್ಕೆ ಹಾಕಿ ಮುಷ್ಟಿ ಬಿಗಿಹಿಡಿದು ಕೂತಿತು. "ಅವಳನ್ನು ಬಿಡಿ. ಸೇರಿದಾಗಿನಿಂದ ಒಂದು ಗೆರೆಯನ್ನೂ ಎಳೆದಿಲ್ಲ," ಎಂದರು ಸಹಾಯಕಿ.

ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಬಿದಿರಿನ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಗೆರಸೆಯನ್ನು ತೊಡೆಗೆ ಒರಗಿಸಿದ ರೀತಿಯೂ ಅಮ್ಮನದೇ. ನಾನು ಅಲ್ಲಿಗೆ ಹೋಗಿ ಗೆರಸೆಯನ್ನು ಕೈಸನ್ನೆಯಲ್ಲಿ ಕೇಳಿದೆ. ಕೊಟ್ಟರು. ಗೆರಸೆಯನ್ನು ಆ ಮಗುವಿನ ಮುಂದಿಟ್ಟು, ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ, ಹಿಂದೆ ಕೂತು ಕೈ ಚಾಚಿದೆ. ಕಾದೆ. ಮಗು ಮುಷ್ಟಿ ಬಿಚ್ಚಿ ಬೆರಳು ಕೊಟ್ಟಿತು. ಒಂದು ಅಕ್ಷರ ಬರೆಸಿ, ಅದರ ಹೆಸರನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಮಗು ಅದನ್ನು ಅಳಿಸಿ, ತಾನೇ ಬರೆದು, ಗಟ್ಟಿಯಾಗಿ ಹೇಳಿತು. ಉಳಿದ ಮಕ್ಕಳು ತಮಗೂ ಅಕ್ಕಿ ಬೇಕೆಂದು ಗಲಾಟೆ ಎಬ್ಬಿಸಿದರು.

"ಈ ವಿಧಾನ ಯಾವ ತರಬೇತಿಯಲ್ಲಿ ಕಲಿತಿರಿ?" ಎಂದು ಮುಖ್ಯಸ್ಥೆ ಕೇಳಿದರು.

"ನಮ್ಮೂರ ಹತ್ತಿರದ ದೇವಸ್ಥಾನದಲ್ಲಿ. ಕಲಿಸಿದವಳು ನನ್ನ ತಾಯಿ."

ಕೆಲಸದ ಪತ್ರಕ್ಕೆ ಅಂದು ಮಧ್ಯಾಹ್ನವೇ ಸಹಿಯಾಯಿತು. ಮಗು ಬೆರಳು ಕೊಟ್ಟಾಗ ಅಲ್ಲಿ ಹತ್ತು ಗಂಟೆ, ಎಂದರೆ ನಮ್ಮಲ್ಲಿ ಎಂಟೂವರೆ. ಹರಕೆ ಹೇಳಿಕೊಂಡಾಗಿನಿಂದ ಪ್ರತಿ ಶುಕ್ರವಾರ ರಜೆ ಹಾಕಿ ಶೃಂಗೇರಿಗೆ ಹೋಗುತ್ತಿದ್ದ ಅಮ್ಮ ಆ ಹೊತ್ತಿಗೆ ಬಸ್ಸಿನಲ್ಲಿದ್ದಳೆಂದು ಆಮೇಲೆ ತಿಳಿಯಿತು. ಇದು ಸಾಕ್ಷ್ಯ ಎನ್ನುತ್ತಿಲ್ಲ. ದಾಖಲಿಸುತ್ತಿದ್ದೇನೆ.

ವರ್ಷ ತುಂಬಿದ ಮೇಲೆ ರಜೆಗೆ ಬಂದೆ. ಅಮ್ಮ ನನ್ನನ್ನು ಶೃಂಗೇರಿಗೆ ಹೊರಡಿಸಿದಳು. ದರ್ಶನವಾದ ಮೇಲೆ ಸೀದಾ ಹೋಗಿ ಅಕ್ಷರಾಭ್ಯಾಸದ ಸಾಲಿನಲ್ಲಿ ಕೂತಳು.

"ಮಗು ಎಲ್ಲಮ್ಮಾ?" ಎಂದರು ಭಟ್ಟರು.

"ನಾನೇ ಭಟ್ರೇ. ಮಗಳಿಗೆ ಕೆಲಸ ಸಿಕ್ಕಿದರೆ ನಾನೂ ಅಕ್ಷರ ಕಲೀತೇನೆ ಅಂತ ಹರಕೆ."

ಅವರು ನಗಲಿಲ್ಲ. ಅಕ್ಕಿಯ ತಟ್ಟೆಯನ್ನು ಅವಳ ಮುಂದೆ ಸರಿಸಿ, "ಬೆರಳು ಹಿಡಿಯುವವರು ಬನ್ನಿ," ಎಂದರು. ನಾನು ಕೂತೆ. ಪಾತ್ರೆ ತಿಕ್ಕಿ ಒರಟಾದ ಬೆರಳು.

"ಪಕ್ಕದ ತಟ್ಟೆ ನೋಡಬೇಡ ಅಮ್ಮ."

"ಈಗ ಎಂತಕ್ಕೆ ನೋಡಲಿ? ನನಗೆ ಟೀಚರ್ ಇದ್ದಾಳಲ್ಲ."

ತಾಯಿ ಶಾರದೆಗೆ ನಾನು ಸಲ್ಲಿಸಬಹುದಾದ ವಂದನೆ ಈ ವರದಿ. ಬಾಗಿಲು ಮುಚ್ಚಿತೆಂದು ಕೂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳು ಮೊದಲು ಕಲಿಸಿದ್ದೇನು ಎಂದು ಒಮ್ಮೆ ನೆನೆಯಿರಿ. ನನಗೆ ಅದೇ ಒದಗಿತು.

ರಜೆ ಮುಗಿಯುವ ಮೊದಲು ಬಾಳಗಡಿಯ ಶಾಲೆಗೆ ಹೋಗಿ ಹಾಜರಿ ಪುಸ್ತಕ ನೋಡಿದೆ. ಮೇಲಿನ ಸಾಲುಗಳಲ್ಲೆಲ್ಲ ಹೆಬ್ಬೆಟ್ಟು. ಕೊನೆಯ ಸಾಲಿನಲ್ಲಿ, ಗೆರೆ ದಾಟಿ ಮೇಲಕ್ಕೆ ಹತ್ತಿದ ಅಕ್ಷರಗಳಲ್ಲಿ, ಅಮ್ಮನ ಹೆಸರು: ಗಿರಿಜಾ. ಪತ್ರಿಕೆಯಲ್ಲಿದ್ದಾಗ ಎಷ್ಟೋ ಜನರ ಹೆಸರು ಅಚ್ಚಿಗೆ ಕಳಿಸಿದ್ದೇನೆ. ಯಾವ ಹೆಸರನ್ನೂ ಅಷ್ಟು ಹೊತ್ತು ನೋಡುತ್ತ ನಿಂತಿರಲಿಲ್ಲ.